ಅಪ್ಪನ ಕೊನೆಯ ಸಿಲಿಂಡರ್

ನಮ್ಮ ಮನೆಯಲ್ಲಿ ಸಂಜೆಯಾಯಿತು ಎನ್ನುವುದಕ್ಕೆ ಗಡಿಯಾರ ನೋಡಬೇಕಿರಲಿಲ್ಲ. ಅಡುಗೆಮನೆಯಿಂದ ಅಮ್ಮ "ವಾಲ್ವ್ ಮುಚ್ಚಿದ್ರಾ?" ಎಂದು ಕೂಗಿದರೆ ಸಂಜೆಯಾಯಿತೆಂದು ಲೆಕ್ಕ. "ಮುಚ್ಚಿದೀನಿ ಕಣೆ" ಎಂದು ಅಪ್ಪ ಉತ್ತರ ಕೊಟ್ಟರೆ ಮುಚ್ಚಿಲ್ಲ ಎಂದೇ ಅರ್ಥ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಗೊಣಗುತ್ತಾ, ಹಿಂದಿನ ಕೋಣೆಗೆ ಹೋಗಿ ತಾನೇ ತಿರುಗಿಸಿ ಬರುತ್ತಿದ್ದಳು. ಅವಳು ತವರಿಗೆ ಹೋದ ದಿನಗಳಲ್ಲಿ ಅದು ತೆರೆದೇ ಇರುತ್ತಿತ್ತು.

ಅಪ್ಪನದು ಸೋಡಾ ಕಾರ್ಖಾನೆ. ಕಾರ್ಖಾನೆ ಎಂಬುದು ಬೋರ್ಡಿನ ಮೇಲಿನ ದೊಡ್ಡ ಮಾತು. ಇದ್ದದ್ದು ಮನೆಯ ಹಿಂಭಾಗದ ಒದ್ದೆ ನೆಲದ ಒಂದು ಕೋಣೆ, ತಾತ ಕೊಂಡ ಹಸಿರು ಯಂತ್ರ, ಗೋಡೆಗೆ ಸರಪಳಿಯಲ್ಲಿ ಕಟ್ಟಿದ ಸಿಲಿಂಡರುಗಳು. ಸಿಲಿಂಡರಿನಿಂದ ಗ್ಯಾಸು ಕೊಳವೆಯಲ್ಲಿ ಯಂತ್ರದ ತೊಟ್ಟಿಗೆ ಹೋಗಿ, ಅಲ್ಲಿ ತಣ್ಣೀರಿನೊಳಗೆ ಸೇರಿ ಬಾಟಲಿಗೆ ಇಳಿಯುತ್ತಿತ್ತು. ಸಿಲಿಂಡರು ಮುಗಿಯುತ್ತಾ ಬಂದಾಗ ವಾಲ್ವ್ ಮುಚ್ಚದೆ ಬಿಟ್ಟರೆ ಅದೇ ನೀರು ಕೊಳವೆಯಲ್ಲಿ ಗುಳುಗುಳು ಎಂದು ಹಿಂದಕ್ಕೆ ಹೋಗಿ ಸಿಲಿಂಡರಿನ ಹೊಟ್ಟೆ ಸೇರುತ್ತದೆ. ಗ್ಯಾಸ್ ತುಂಬುವವನು ಪ್ರತಿ ಸಲವೂ ಬೈಯುತ್ತಿದ್ದ. "ಸ್ವಾಮಿ, ಒಳಗೆಲ್ಲ ನೀರು ಮಾಡ್ಕೊಂಡು ಬಂದಿದೀರಲ್ಲ, ತುಕ್ಕು ಹಿಡಿಯತ್ತೆ ಇದು." ಅಪ್ಪನದು ಒಂದೇ ಉತ್ತರ: "ಕೊನೆಗೆ ಹೋಗೋದು ಸೋಡಾಕ್ಕೆ ತಾನೆ? ನೀರು ನೀರಿಗೇ ಸೇರತ್ತೆ ಬಿಡಿ."

ಆ ಗ್ಯಾಸಿಗೆ ಇನ್ನೊಬ್ಬ ಗಿರಾಕಿ ಇದ್ದಳು. ಅಪ್ಪನ ತಂಗಿ, ನಮ್ಮ ಅತ್ತೆ. ಸೋಡಾ ಮಾರಿಯೇ ತಾತ ಅವಳನ್ನು ಓದಿಸಿದ್ದ. ಅವಳು ರಸಾಯನಶಾಸ್ತ್ರ ಓದಿ, ಓದಿದ ಕಾಲೇಜಿನಲ್ಲೇ ಕೆಲಸಕ್ಕೆ ಸೇರಿ, ಹಳೆಯ ಕಟ್ಟಡದ ಮೂಲೆ ಕೋಣೆಯಲ್ಲಿ ಒಂದು ಪುಡಿ ಮಾಡುತ್ತಾ ಕೂತಳು. ನಮ್ಮ ಮನೆಯಲ್ಲಿ ಅವಳಿಗೆ 'ಪುಡಿ ಅತ್ತೆ' ಎಂದೇ ಹೆಸರು. ಅಪ್ಪ ಮಾತ್ರ 'ಪುಟ್ಟಿ' ಎನ್ನುತ್ತಿದ್ದ.

ಸೋಡಾ ಹಾಕುವ ಗಾಡಿಯಲ್ಲೇ ಅಪ್ಪ ಅವಳಿಗೆ ಸಿಲಿಂಡರ್ ಒಯ್ಯುತ್ತಿದ್ದ. ಶಾಲೆ ಇಲ್ಲದ ದಿನ ನಾನೂ ಕ್ರೇಟುಗಳ ಮೇಲೆ ಕೂತು ಹೋಗುತ್ತಿದ್ದೆ. ಆ ಕೋಣೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸುಟ್ಟ ಕಲೆಗಳ ಮರದ ಮೇಜು, ಎಷ್ಟು ಬಿಗಿ ಮಾಡಿದರೂ ತೊಟ್ಟಿಕ್ಕುವ ನಲ್ಲಿ, ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ ರಟ್ಟು. ಒಂದು ಗಾಜಿನ ಕೊಳವೆಯಲ್ಲಿ ಪುಡಿಯನ್ನು ತೊಳೆಯಲು ಇಟ್ಟಿರುತ್ತಿದ್ದಳು. ಮೇಲಿನಿಂದ ಹನಿಹನಿಯಾಗಿ ಬಿದ್ದು ತುಂಬಿದ ದ್ರವ, ಯಾರೂ ಮುಟ್ಟದೆ ತಾನಾಗಿ ಬರ್ರನೆ ಖಾಲಿಯಾಗಿ ಮತ್ತೆ ತುಂಬಲು ಶುರುವಾಗುತ್ತಿತ್ತು. ಅದು ಯಾವಾಗ ಖಾಲಿಯಾಗುತ್ತದೋ ಎಂದು ನಾನು ಕಣ್ಣು ಮಿಟುಕಿಸದೆ ಕಾಯುತ್ತಿದ್ದೆ, ಮಿಟುಕಿಸಿದ ಹೊತ್ತಿಗೇ ಅದು ಖಾಲಿಯಾಗುತ್ತಿತ್ತು. ಅಂಥ ಸುಖದ ಮಧ್ಯಾಹ್ನಗಳು ನನಗೆ ಮತ್ತೆ ಸಿಕ್ಕಿಲ್ಲ.

ಪುಡಿ ಇಟ್ಟಿಗೆ ಬಣ್ಣದ್ದು. "ಇದರಲ್ಲಿ ಏನಿದೆ ಅತ್ತೆ?" ಎಂದರೆ, "ಖಾಲಿ ಜಾಗ" ಎನ್ನುತ್ತಿದ್ದಳು.

"ಖಾಲಿ ಜಾಗ ಮಾಡೋಕೆ ಇಷ್ಟು ಕಷ್ಟ ಪಡ್ತೀರಾ?"

"ಹೂಂ ಮತ್ತೆ. ಇದೂ ಒಂಥರಾ ಪ್ಲಾಸ್ಟಿಕ್ಕೇ. ಆದ್ರೆ ತುಂಬ ತೂತು, ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಒಂದು ಚಮಚದಲ್ಲಿರೋ ಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದ್ರೆ ನಿಮ್ಮ ಸ್ಕೂಲ್ ಮೈದಾನ ಮುಚ್ಚಿಹೋಗತ್ತೆ. ನಿಮ್ಮಪ್ಪನ ಗ್ಯಾಸು ಬಂದು ಆ ತೂತಲ್ಲಿ ಕೂರತ್ತೆ. ಅಲ್ಲಿ ಇನ್ನೊಂದು ದ್ರವ ಇರತ್ತೆ. ಎರಡೂ ಸೇರಿ ಮೂರನೇದಾಗತ್ತೆ, ಬ್ಯಾಟರಿ ಒಳಗೆ ಹಾಕೋಕೆ ಬರತ್ತೆ ಅದು. ಪುಡಿ ಮಾತ್ರ ಹಾಗೇ ಉಳಿಯತ್ತೆ, ತೊಳೆದು ಮತ್ತೆ ಹಾಕಬಹುದು."

ಆ ಕೆಲಸ ನಡೆಯುತ್ತಿದ್ದುದು ಒಂದು ದಪ್ಪ ಉಕ್ಕಿನ ಪಾತ್ರೆಯೊಳಗೆ. ಮುಚ್ಚಳದ ಮೇಲೆ ಒತ್ತಡ ತೋರಿಸುವ ಮುಳ್ಳು. ಪುಡಿ ಗ್ಯಾಸನ್ನು ತಿಂದಂತೆಲ್ಲ ಮುಳ್ಳು ಇಳಿಯಬೇಕು. "ಮುಳ್ಳು ಇಳೀತಾ ನೋಡು" ಎಂದು ಅತ್ತೆ ನನ್ನನ್ನು ಸ್ಟೂಲಿನ ಮೇಲೆ ಹತ್ತಿಸುತ್ತಿದ್ದಳು. ಅದು ಇಳಿಯುತ್ತಿತ್ತು, ಬಿಸಿಲು ಗೋಡೆಯಿಂದ ಇಳಿಯುವ ಹಾಗೆ, ಅವಸರವಿಲ್ಲದೆ. ವಾಪಸ್ ಬರುವಾಗ ಅಪ್ಪ ದಾರಿಯುದ್ದಕ್ಕೂ ಕೊಚ್ಚಿಕೊಳ್ಳುತ್ತಿದ್ದ. "ನಾನು ತುಂಬಿದ ಗ್ಯಾಸನ್ನ ಜನ ಕುಡಿದು, ತೇಗಿ, ಗಾಳಿಗೆ ಬಿಡ್ತಾರೆ. ಪುಟ್ಟಿ ನೋಡು, ಅದನ್ನ ಹಿಡಿದು ಕೆಲಸಕ್ಕೆ ಹಚ್ತಾಳೆ." ಪುಡಿಯ ಬಗ್ಗೆ ಬರೆದದ್ದು ಅಚ್ಚಾದಾಗ ಬಂದ ಗಿರಾಕಿಗಳಿಗೆಲ್ಲ ತೋರಿಸಿದ. ಅದರಲ್ಲಿ ಒಂದಕ್ಷರವೂ ಅವನಿಗೆ ಅರ್ಥವಾಗಿರಲಿಲ್ಲ.

ಆಮೇಲೆ ಕಾಲೇಜಿಗೆ ಹೊಸ ಕಟ್ಟಡ ಬಂತು. ಒಂದು ಬೆಳಿಗ್ಗೆ ಅತ್ತೆ ಬಂದು, ಬಾಟಲಿ ತೊಳೆಯುವವರು, ಗಿರಾಕಿಗಳು, ಅಮ್ಮ ಎಲ್ಲರ ಎದುರಿಗೇ ಹೇಳಿದಳು. "ಅಣ್ಣ, ಇನ್ಮೇಲೆ ಗ್ಯಾಸ್ ತರಬೇಡ. ಕಂಪನಿಯಿಂದ ತರಿಸ್ತಾರಂತೆ. ನಿಂದು ಶುದ್ಧ ಇರಲ್ಲ ನೋಡು."

ಅವಳು ಕೇಡು ಬಯಸಿ ಅಂದದ್ದಲ್ಲ. ಹೊಸ ಕಟ್ಟಡದ ಉಮೇದಿನಲ್ಲಿ ಅಂದದ್ದು. ಆದರೆ ಅಪ್ಪನ ಮುಖ ಇಷ್ಟು ಚಿಕ್ಕದಾಯಿತು. "ಜನಕ್ಕೆ ಕುಡಿಸಿದೀನಿ ಕಣೆ ಇದನ್ನ" ಎಂದ, ಅಷ್ಟೇ. ಅಂದಿನಿಂದ ಅವನ ಬಾಯಲ್ಲಿ 'ಪುಟ್ಟಿ' ಎಂಬ ಹೆಸರು ನಿಂತುಹೋಯಿತು. 'ನಿಮ್ಮತ್ತೆಯವರು' ಎಂದು ಬಹುವಚನ ಶುರುವಾಯಿತು. ನಮ್ಮ ಮನೆಯಲ್ಲಿ ಬಹುವಚನಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಅಮ್ಮ ತೀರಿಕೊಂಡಾಗಲೂ ಅಣ್ಣ ತಂಗಿ "ಯಾವಾಗ ಬಂದ್ರಿ", "ಈಗ ಬಂದೆ" ಎಂದು ಎರಡು ಮಾತಾಡಿ ಕೋಣೆಯ ಎರಡು ಮೂಲೆ ಹಿಡಿದರು. ನನಗೆ ಇಬ್ಬರ ಮೇಲೂ ಮೈ ಉರಿದುಹೋಗಿತ್ತು.

ಪ್ಲಾಸ್ಟಿಕ್ ಬಾಟಲಿಯ ಬಣ್ಣದ ನೀರು ಬಂದ ಮೇಲೆ ಸೋಡಾ ಕೇಳುವವರಿಲ್ಲದೆ ಕಾರ್ಖಾನೆ ಬಾಗಿಲು ಹಾಕಿತು. ಮುಂದಿನ ಕೋಣೆಯಲ್ಲಿ ನಾನು ಜೆರಾಕ್ಸ್ ಅಂಗಡಿ ಇಟ್ಟೆ. ಯಂತ್ರವನ್ನು ಗುಜರಿಗೆ ಕೊಡಲು ಅಪ್ಪ ಒಪ್ಪಲಿಲ್ಲ. ಒಂದು ಸಿಲಿಂಡರ್ ಉಳಿಸಿಕೊಂಡ. ಅದನ್ನು ಇನ್ನು ತುಂಬುವುದಿಲ್ಲ, ಒಳಗೆ ತುಕ್ಕು ತಿಂದಿದೆ, ಇದೇ ಕೊನೆ ಎಂದು ತುಂಬುವವನು ಖಡಾಖಂಡಿತವಾಗಿ ಹೇಳಿ ಕಳಿಸಿದ್ದ. ಭಾನುವಾರಕ್ಕೊಮ್ಮೆ ಅಪ್ಪ ಅದರಿಂದ ಒಂದೇ ಒಂದು ಬಾಟಲಿ ಸೋಡಾ ಮಾಡಿ, ಇಬ್ಬರಿಗೂ ಲೋಟಕ್ಕೆ ಸುರಿದು, ಕುಡಿಯುವ ಮೊದಲು ಕಿವಿಯ ಹತ್ತಿರ ಹಿಡಿದು ಸದ್ದು ಕೇಳುತ್ತಿದ್ದ. ಅದು ಮುಗಿದರೆ ಕಾರ್ಖಾನೆ ನಿಜವಾಗಿ ಮುಗಿದಂತೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಂಥ ಒಂದು ಭಾನುವಾರ ಅತ್ತೆ ಬಂದಳು. ನಾನು ಮೆಷಿನ್ನಿಗೆ ಟೋನರ್ ತುಂಬುತ್ತಾ ಕೈ ಕಪ್ಪು ಮಾಡಿಕೊಂಡಿದ್ದೆ. ಕೂತುಕೊಳ್ಳಿ ಎನ್ನಲಿಲ್ಲ, ಬೇಕೆಂದೇ. ಅವಳೇ ಸ್ಟೂಲ್ ಎಳೆದುಕೊಂಡು ಕೂತಳು. ತುಂಬ ಸೊರಗಿದ್ದಳು.

"ನನ್ನ ಪುಡಿ ಕೆಲಸ ಮಾಡ್ತಿಲ್ಲ ಕಣೆ" ಎಂದಳು.

ಹೊಸ ಕಟ್ಟಡಕ್ಕೆ ಹೋದಾಗಿನಿಂದ ಮುಳ್ಳು ಮೊದಲಿನ ಹಾಗೆ ಇಳಿದಿರಲಿಲ್ಲವಂತೆ. ಬೇರೆ ಊರುಗಳಲ್ಲಿ ಮಾಡಿ ನೋಡಿದವರಿಗೂ ಅದೇ ಗತಿ. ಪುಡಿಯನ್ನು ಹೊಸದಾಗಿ ಮಾಡಿದಳು, ಪಾತ್ರೆ ಬದಲಾಯಿಸಿದಳು, ಎಲ್ಲವನ್ನೂ ಇನ್ನಷ್ಟು ಚೆನ್ನಾಗಿ ಒಣಗಿಸಿದಳು. ಕೆಟ್ಟಷ್ಟೂ ಒಣಗಿಸಿದಳು, ಒಣಗಿಸಿದಷ್ಟೂ ಕೆಟ್ಟಿತು. ಅವಳು ಸುಳ್ಳು ಅಂಕಿ ಬರೆದಿರಬೇಕು ಎಂಬ ಗುಸುಗುಸು ಹಬ್ಬಿತು. ಈಗ ಕಾಲೇಜಿನವರು ಖಂಡಿತವಾಗಿ ಹೇಳಿದ್ದರು: ನಿವೃತ್ತಿಯೊಳಗೆ ಮಾಡಿ ತೋರಿಸಿ, ಆಗದಿದ್ದರೆ ತಪ್ಪಾಗಿತ್ತು ಎಂದು ಒಪ್ಪಿಕೊಂಡು ಅಚ್ಚಾದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಿ.

"ಹಿಂದಕ್ಕೆ ತಗೊಂಡ್ರೆ ನಾನು ಇಷ್ಟು ದಿನ ಏನು ಮಾಡ್ದೆ ಅಂತಾಗತ್ತೆ?" ಎಂದಳು. ಅವಳ ದನಿ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಎದ್ದು ಕೈ ತೊಳೆದುಕೊಂಡು ಅವಳಿಗೆ ನೀರು ತಂದುಕೊಟ್ಟೆ.

ಅಪ್ಪ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅತ್ತೆ ಅವನನ್ನು ನೋಡಿದಳು.

"ಅಣ್ಣ, ಎಲ್ಲ ಬದಲಾಯಿಸಿ ನೋಡ್ದೆ. ಉಳಿದಿರೋದು ಒಂದೇ. ಹಳೇ ಕೋಣೇಲಿ ನಿನ್ನ ಗ್ಯಾಸ್ ಇತ್ತು."

"ನನ್ನ ಗ್ಯಾಸ್ ಶುದ್ಧ ಇಲ್ಲ ಅಂದಿದ್ರಲ್ಲ."

"ಶುದ್ಧ ಇಲ್ಲ ಅಂತಾನೇ ಕೇಳೋಕೆ ಬಂದಿದೀನಿ."

ಒಂದೇ ಸಿಲಿಂಡರ್ ಇರುವುದು, ಅದೂ ಅರ್ಧಕ್ಕಿಂತ ಕೆಳಗಿದೆ, ಮತ್ತೆ ತುಂಬುವ ಹಾಗಿಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ಅಪ್ಪನ ಭಾನುವಾರಗಳನ್ನು ಅವಳು ಹೊತ್ತುಕೊಂಡು ಹೋಗುವುದು ನನಗೆ ಬೇಕಿರಲಿಲ್ಲ. ಅಪ್ಪ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಹಿಂದಿನ ಕೋಣೆಗೆ ನಡೆದ.

"ಪುಟ್ಟಿ, ಈ ಸರಪಳಿ ಬಿಚ್ಚು ಬಾ. ನನ್ನ ಕೈಯಲ್ಲಿ ಆಗಲ್ಲ ಈಗ" ಎಂದ.

ಬಾಡಿಗೆ ವ್ಯಾನಿನಲ್ಲಿ ಮೂವರೂ ಹೋದೆವು. ಹೊಸ ಪ್ರಯೋಗಾಲಯ ಎಷ್ಟು ಚೊಕ್ಕವೆಂದರೆ ಅಲ್ಲಿ ಕೂರಲೂ ಭಯವಾಗುತ್ತಿತ್ತು. ಅಪ್ಪ ಕಾಲೊರೆಸಿಕೊಂಡು, ಯಾವುದನ್ನೂ ಮುಟ್ಟದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅತ್ತೆ ಒಂದೇ ಅಳತೆಯ ಪುಡಿ, ಒಂದೇ ಅಳತೆಯ ದ್ರವವನ್ನು ಎರಡು ಪಾತ್ರೆಗಳಿಗೆ ಹಾಕಿದಳು. ಒಂದಕ್ಕೆ ಕಂಪನಿಯ ಗ್ಯಾಸು, ಒಂದಕ್ಕೆ ಅಪ್ಪನದು. ಕಾವು ಕೊಟ್ಟು ಕಾಯುತ್ತಾ ಕೂತೆವು. ಅಪ್ಪ ಒಂದು ಮುಳ್ಳಿನ ಎದುರು, ನಾನು ಇನ್ನೊಂದರ ಎದುರು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಳು, ತಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ.

ನನ್ನ ಮುಳ್ಳು ಕಂಪನಿಯದು. ಅದು ಅಂಟು ಹಾಕಿದ ಹಾಗೆ ಕೂತಿತ್ತು.

ಬಹಳ ಹೊತ್ತಾದ ಮೇಲೆ ಅಪ್ಪ ಮೆಲ್ಲಗೆ ಹೇಳಿದ, "ಪುಟ್ಟಿ, ಇಳೀತಿದೆ."

ನಾನು ಓಡಿಹೋಗಿ ನೋಡಿದೆ. ಇಳಿಯುತ್ತಿತ್ತು. ಸ್ಟೂಲಿನ ಮೇಲೆ ಹತ್ತಿ ನೋಡುತ್ತಿದ್ದ ಆ ಮಧ್ಯಾಹ್ನಗಳ ಹಾಗೆಯೇ, ಅವಸರವಿಲ್ಲದೆ. ಅತ್ತೆ ಬಂದು ನೋಡಿದಳು, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದಳು. ಆಮೇಲೆ ಅಪ್ಪನ ಸಿಲಿಂಡರಿನ ಬಾಯಿಗೆ ತಣ್ಣನೆಯ ಗಾಜಿನ ಚೂರು ಹಿಡಿದು ಸ್ವಲ್ಪವೇ ವಾಲ್ವ್ ತಿರುಗಿಸಿದಳು. ಗಾಜಿನ ಮೇಲೆ ಮಬ್ಬು ಕೂತಿತು. ಬೆರಳಿನಿಂದ ಗೆರೆ ಎಳೆದರೆ ತೇವ.

"ಅಣ್ಣ, ಇದರೊಳಗೆ ನೀರು ಹೇಗೆ ಬಂತು?"

ಅಪ್ಪ ತಾರಸಿ ನೋಡಿದ.

"ಅಮ್ಮ ಇದ್ದಿದ್ರೆ ಹೇಳ್ತಿದ್ಲು" ಎಂದೆ ನಾನು.

ಮರುದಿನ ಅತ್ತೆ ಕಂಪನಿಯ ಗ್ಯಾಸಿಗೇ ಒಂದು ತೊಟ್ಟು ನೀರು ಸೇರಿಸಿ ನೋಡಿದಳು. ಆ ಮುಳ್ಳೂ ಇಳಿಯಿತು. ಮತ್ತೆ ಮತ್ತೆ ಮಾಡಿದಳು, ಪ್ರತಿ ಸಲವೂ ಇಳಿಯಿತು. ಬೇರೆ ಊರಿನವರಿಗೆ ತಿಳಿಸಿದಳು, ಅಲ್ಲಿಯೂ ಇಳಿಯಿತು. ಹಿಂದಕ್ಕೆ ತೆಗೆದುಕೊಳ್ಳುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಇಷ್ಟೆಲ್ಲ ಮುಗಿಸಿಕೊಂಡು ಒಂದು ಭಾನುವಾರ ಸಿಲಿಂಡರನ್ನು ವ್ಯಾನಿನಲ್ಲಿ ಹಾಕಿಕೊಂಡು ಮನೆಗೆ ಬಂದಳು.

"ಬರೀ ನೀರಾ?" ಎಂದ ಅಪ್ಪ. ಅವನಿಗೆ ಸ್ವಲ್ಪ ನಿರಾಸೆಯಾಗಿತ್ತು. ತನ್ನ ಗ್ಯಾಸಿನಲ್ಲಿ ಇನ್ನೇನೋ ದೊಡ್ಡದು ಇತ್ತೆಂದುಕೊಂಡಿದ್ದನೋ ಏನೋ.

"ನೀರೇ. ಆ ದ್ರವದ ಕಣ ಉಂಗುರದ ಹಾಗಿರತ್ತೆ, ಅದು ಬಿಚ್ಚಿಕೊಳ್ಳಬೇಕು. ಒಂದು ತೊಟ್ಟು ನೀರು ಅದಕ್ಕೆ ಸಹಾಯ ಮಾಡತ್ತೆ. ಜಾಸ್ತಿಯಾದ್ರೂ ಕೆಡತ್ತೆ, ಇಲ್ಲದಿದ್ರೆ ಬಿಚ್ಚಿಕೊಳ್ಳೋದೇ ಇಲ್ಲ. ನಾನು ಒಣಗಿಸಿ ಒಣಗಿಸಿ ಅದನ್ನೇ ಓಡಿಸ್ತಾ ಕೂತಿದ್ದೆ ನೋಡು." ಮತ್ತೆ ಸೇರಿಸಿದಳು, "ಶುದ್ಧ ಇಲ್ಲ ಅಂತ ಅಂದೆನಲ್ಲ ಅಣ್ಣ, ಅದು ನಿಜಾನೇ. ಹಾಗೆ ಅಂದಿದ್ದು ತಪ್ಪು."

ಅಪ್ಪ ಸಿಲಿಂಡರನ್ನು ಯಂತ್ರಕ್ಕೆ ಜೋಡಿಸಿದ. ಉಳಿದದ್ದು ಒಂದು ಬಾಟಲಿಗೆ ಆಗುವಷ್ಟು, ಅದೂ ಕಷ್ಟದಲ್ಲಿ. ಯಂತ್ರ ನರಳಿತು, ಬಾಟಲಿ ತುಂಬಿತು. ಮೂರು ಲೋಟಕ್ಕೆ ಸುರಿದ. ಗುಳ್ಳೆಗಳು ಕಡಿಮೆ ಇದ್ದವು. ಮೂವರೂ ಲೋಟ ಕಿವಿಗೆ ಹಿಡಿದುಕೊಂಡೆವು. ಹಾಗೆ ಹಿಡಿಯುವುದನ್ನು ತಾತ ಕಲಿಸಿದ್ದಂತೆ, ಅತ್ತೆಗೂ ಅದೇ ಅಭ್ಯಾಸವಿತ್ತು.

ಕುಡಿದು ಲೋಟ ಕೆಳಗಿಟ್ಟ ಅಪ್ಪ ಇದ್ದಕ್ಕಿದ್ದಂತೆ ಎದ್ದ. "ಇರಿ, ವಾಲ್ವ್ ಮುಚ್ಚಿಬಿಡ್ತೀನಿ" ಎಂದ. ಜೀವಮಾನದಲ್ಲಿ ಅವನಿಗೆ ತಾನಾಗಿ ನೆನಪಾದದ್ದು ಅದೇ ಮೊದಲು.

ಅತ್ತೆ ಅವನ ತೋಳು ಹಿಡಿದು ಕೂರಿಸಿದಳು. "ಬಿಡಣ್ಣ. ತೆರೆದೇ ಇರಲಿ."

ಅಪ್ಪ ಕೂತ. ಸ್ವಲ್ಪ ಹೊತ್ತಿಗೆ ಕೊಳವೆಯಲ್ಲಿ ಗುಳುಗುಳು ಸದ್ದಾಯಿತು, ತೊಟ್ಟಿಯ ನೀರು ಖಾಲಿ ಸಿಲಿಂಡರಿಗೆ ಹಿಂದಿರುಗುತ್ತಿತ್ತು. ಹೊರಗೆ ಬೆಳಕು ಕಂದುತ್ತಿತ್ತು. ಮೂವರೂ ಕೇಳಿಸಿಕೊಂಡೆವು. ಅಡುಗೆಮನೆಯಿಂದ ಯಾರೂ ಕೂಗಲಿಲ್ಲ.

ಅಪ್ಪ ಆ ಕಡೆಗೆ ಮುಖ ತಿರುಗಿಸಿ, "ಮುಚ್ಚಿದೀನಿ ಕಣೆ" ಎಂದ.