ಎಂಬತ್ತೇಳನೇ ಮೊಳೆ

ಬೆಳಿಗ್ಗೆ ಐದೂವರೆಗೆ ಹೊರಟು ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಅಲೆದಾಟವನ್ನು ‘ಒಂದು ದಿನದ ಸುಖ ಪ್ರವಾಸ’ ಎಂದು ಬೋರ್ಡಿನಲ್ಲಿ ಬರೆಸುವ ಧೈರ್ಯ ನಮ್ಮ ಟ್ರಾವೆಲ್ಸ್ ಆಫೀಸಿನ ಯಜಮಾನರಿಗೆ ಮಾತ್ರ ಇದೆ. ಧೈರ್ಯ ಅವರದು, ನಡುಕ ನನ್ನದು. ಬಸ್ಸು ಎಲ್ಲಿ ಕೈಕೊಡಬಹುದು, ಯಾರಿಗೆ ಯಾವ ತಿರುವಿನಲ್ಲಿ ತಲೆ ಸುತ್ತಬಹುದು, ಎಷ್ಟು ಹೊತ್ತಿಗೊಮ್ಮೆ ಶೌಚಾಲಯ ಬೇಕು ಎಂದು ಎಲ್ಲರಿಗಿಂತ ಮೊದಲೇ ಹೆದರಿ, ಆ ಹೆದರಿಕೆಯನ್ನೆಲ್ಲ ಗಂಟೆ ನಿಮಿಷಗಳ ಲೆಕ್ಕದಲ್ಲಿ ಕಾಗದದ ಮೇಲೆ ಇಳಿಸುವುದೇ ಆ ಆಫೀಸಿನಲ್ಲಿ ನನ್ನ ಉದ್ಯೋಗ. ಹುಟ್ಟಾ ಪುಕ್ಕಲಿಯಾದ ನನಗೆ ಹೇಳಿ ಮಾಡಿಸಿದ ಕೆಲಸ.

ಪುಕ್ಕಲುತನ ನನಗೆ ಬಂದದ್ದು ಅಪ್ಪನಿಂದ. ಹಾಕಿದ ಚಿಲಕವನ್ನು ಅಪ್ಪ ಮೂರು ಸಲ ಎಳೆದು ನೋಡುತ್ತಾನೆ. ನಾನು ಚಿಕ್ಕವಳಿದ್ದಾಗ ಮನೆಮಂದಿ ಎಲ್ಲಿಗೆ ಹೊರಟರೂ, ಬಸ್ಸು ಹತ್ತಿ ಕೂತ ಮೇಲೆ ಒಬ್ಬೊಬ್ಬರೂ ಬಾಯಿಬಿಟ್ಟು “ನಾನಿದ್ದೀನಿ” ಅನ್ನಬೇಕಿತ್ತು. ಪಕ್ಕದಲ್ಲೇ ಕೂತ ಅಮ್ಮನಿಗೂ ವಿನಾಯಿತಿ ಇರಲಿಲ್ಲ. “ಕಣ್ಣಿಗೆ ಕಾಣ್ತಿಲ್ವಾ ನಾನು?” ಎಂದು ಅಮ್ಮ ರೇಗಿದರೆ, “ನಂಗೆ ಕಾಣೋದು ಬೇರೆ, ನೀನು ಹೇಳೋದು ಬೇರೆ” ಅನ್ನುತ್ತಿದ್ದ. ಬಸ್ಸಿನವರೆಲ್ಲ ತಿರುಗಿ ನೋಡುವಾಗ ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತಿತ್ತು. ಅಮ್ಮ ಹೋಗಿ ಆರು ವರ್ಷವಾಯಿತು. ಈಗ ಮನೆಯಲ್ಲಿ ಇರುವವರು ನಾವಿಬ್ಬರೇ, ಐವತ್ತೊಂದರ ನಾನು, ಎಪ್ಪತ್ತೆಂಟರ ಅಪ್ಪ.

ಈ ಸಲದ ಪ್ರವಾಸಕ್ಕೆ ಮೂವತ್ತೆಂಟು ಜನ. ಎಲ್ಲರೂ ನಿವೃತ್ತ ಮೇಷ್ಟ್ರುಗಳು, ಟೀಚರುಗಳು. ಬೆಳಿಗ್ಗೆ ಸ್ಮಾರಕ, ಮಧ್ಯಾಹ್ನ ಗಣಿ. ಐವತ್ತು ವರ್ಷದ ಹಿಂದೆ ಗಣಿ ಕುಸಿದು ಮೂವತ್ತೊಂದು ಜನ ಸತ್ತಿದ್ದರು. ಸ್ಮಾರಕದ ಕಲ್ಲಿನ ಮೇಲೆ ಅವರ ಹೆಸರುಗಳಿವೆ. ಗಣಿ ಎಂದೋ ಮುಚ್ಚಿದೆ, ಮೇಲಿನ ಸುರಂಗವೊಂದನ್ನು ನೋಡುವವರಿಗಾಗಿ ತೆರೆದಿಟ್ಟಿದ್ದಾರೆ. ಅಪ್ಪ ಆ ಗಣಿಯಲ್ಲಿ ಗುಮಾಸ್ತನಾಗಿದ್ದ ಎಂಬುದು ನನಗೆ ಗೊತ್ತಿತ್ತು. ದುರಂತವಾದ ಮರುತಿಂಗಳೇ ಕೆಲಸ ಬಿಟ್ಟು ಈ ಊರಿಗೆ ಬಂದನಂತೆ. ಅದರ ಸುದ್ದಿ ತೆಗೆದರೆ ಎದ್ದು ಚಿಲಕ ನೋಡಲು ಹೋಗುತ್ತಿದ್ದ. ನಾನೂ ಕೇಳುವುದನ್ನು ಬಿಟ್ಟಿದ್ದೆ.

ಗುಂಪಿನ ಪರವಾಗಿ ಆಫೀಸಿಗೆ ಬಂದವರು ಒಬ್ಬ ಟೀಚರಮ್ಮ. ಅರವತ್ತರ ಹೆಂಗಸು, ನೆಟ್ಟ ಬೆನ್ನು, ಚೀಲದಲ್ಲಿ ಇನ್ನೂ ಕೆಂಪು ಪೆನ್ನು. ನನ್ನ ಹಾಳೆಯಲ್ಲಿ ಎರಡು ಕಾಗುಣಿತ ತಿದ್ದಿಯೇ ಅವರು ಮಾತಿಗೆ ಕೂತದ್ದು. ಹೊರಡುವಾಗ ಬಾಗಿಲಲ್ಲಿ ನಿಂತು, “ಗಣಿ ಒಳಗೆ ಹೋಗೋವ್ರಿಗೆ ಹಿತ್ತಾಳೆ ಬಿಲ್ಲೆ ಕೊಡ್ತಾರಲ್ಲ, ನಂಗೆ ಎಂಬತ್ತೇಳನೇ ನಂಬರಿಂದು ಕೊಡ್ಸಕ್ಕಾಗುತ್ತಾ?” ಎಂದು ಕೇಳಿದರು. ಯಾಕೆ ಎಂದೆ. “ನಮ್ಮಪ್ಪಂದು. ಅಲ್ಲೇ ಕೆಲ್ಸ ಮಾಡ್ತಿದ್ರು. ಗಣಿ ಕುಸಿದ ದಿನಾನೇ ನಮ್ಮನ್ನೆಲ್ಲ ಬಿಟ್ಟು ಓಡಿಹೋದ್ರು” ಎಂದರು, ಹಾಜರಿ ಕೂಗಿದಷ್ಟು ಸಲೀಸಾಗಿ. ನಾನು ಹಾಳೆಯ ಅಂಚಿನಲ್ಲಿ ‘ಬಿಲ್ಲೆ ೮೭, ಟೀಚರಮ್ಮನಿಗೆ’ ಎಂದು ಗುರುತು ಹಾಕಿಕೊಂಡೆ.

ಬಿಲ್ಲೆಯ ಪದ್ಧತಿ ಏನೆಂದು ಗಣಿಯ ಗೈಡು ಫೋನಿನಲ್ಲಿ ವಿವರಿಸಿದ. ಗೋಡೆಗೆ ದೊಡ್ಡದೊಂದು ಹಲಗೆ. ಎಡಕ್ಕೆ ‘ಒಳಗೆ’, ಬಲಕ್ಕೆ ‘ಹೊರಗೆ’. ಎರಡೂ ಕಡೆ ನಂಬರು ಬರೆದ ಮೊಳೆಗಳು. ಕೆಳಗಿಳಿಯುವವನು ತನ್ನ ಬಿಲ್ಲೆಯನ್ನು ಎಡಗಡೆ ನೇತುಹಾಕಬೇಕು, ಮೇಲೆ ಬಂದವನು ಅದನ್ನು ತೆಗೆದು ಬಲಗಡೆ ಹಾಕಬೇಕು. ತನ್ನ ಬಿಲ್ಲೆಯನ್ನು ತಾನೇ ಹಾಕಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಪ್ರವಾಸಿಗಳೂ ಹಾಗೇ ಮಾಡಬೇಕಂತೆ. “ಎಂಬತ್ತೇಳು ಮಾತ್ರ ಇಲ್ಲ ಮೇಡಂ. ನಾನು ಸೇರಿದಾಗಿಂದ್ಲೂ ಆ ಮೊಳೆ ಖಾಲಿ” ಎಂದ.

ನನ್ನ ತಲೆನೋವು ಬೇರೆಯೇ ಇತ್ತು. ಹಾಳೆಯಲ್ಲಿ ಹತ್ತು ನಿಮಿಷ ಕಡಿಮೆ ಬೀಳುತ್ತಿತ್ತು. ನಾಲ್ಕೂಕಾಲಿಗೆ ಗಣಿ ಬಿಡದಿದ್ದರೆ ಘಾಟಿಯ ತಿರುವುಗಳಿಗೆ ಕತ್ತಲಾಗುತ್ತದೆ. ಕತ್ತಲು, ಘಾಟಿ, ಮೂವತ್ತೆಂಟು ವಯಸ್ಸಾದವರು ಎಂದು ನೆನೆದು ಹಾಳೆಯನ್ನು ಮತ್ತೆ ಮೊದಲಿಂದ ಕೂಡಿಸಿದೆ. ಎಲ್ಲಿ ಹಿಂಡಿದರೂ ಹತ್ತು ನಿಮಿಷ ಸಿಗಲಿಲ್ಲ. ಕೊನೆಗೆ ಹೊಳೆಯಿತು. ಬಿಲ್ಲೆಯ ಸಾಲಿನಲ್ಲೇ ಕಾಲು ಗಂಟೆ ಹಾಳು! ಬರೆದೆ: ‘೪.೦೦. ಜನ ಮೇಲೆ ಬರುವ ಮೊದಲೇ ಎಲ್ಲರ ಬಿಲ್ಲೆಗಳನ್ನೂ “ಹೊರಗೆ” ಕಡೆಗೆ ಹಾಕಿಟ್ಟಿರುವುದು.’ ನನ್ನ ಜಾಣತನಕ್ಕೆ ನಾನೇ ಬೀಗಿ, ಹಾಳೆಯನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟೆ.

ಸಂಜೆ ಇನ್ನೂ ಬೆಳಕಿತ್ತು. ಅಪ್ಪ ಕನ್ನಡಕದ ಡಬ್ಬಿ ಎತ್ತಿಕೊಂಡ. ಆ ಡಬ್ಬಿ ಯಾವಾಗಲೂ ಕಿಟಕಿಟ ಅನ್ನುತ್ತದೆ, ಒಳಗೆ ತಿರುಪು ಗಿರುಪು ಬಿದ್ದಿರಬೇಕು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಕನ್ನಡಕ ಹಾಕಿಕೊಂಡು ಹಾಳೆ ಓದತೊಡಗಿದ. ಬೆರಳು ಒಂದೊಂದೇ ಸಾಲು ಇಳಿಯುತ್ತ ಬಂದು ನಾಲ್ಕು ಗಂಟೆಯ ಸಾಲಿನ ಮೇಲೆ ನಿಂತುಬಿಟ್ಟಿತು. 

“ಇದನ್ನ ಹೊಡೆದುಹಾಕು.”

“ಯಾಕಪ್ಪಾ? ಕಾಲು ಗಂಟೆ ಉಳಿಯುತ್ತೆ.”

“ಹೊಡೆದುಹಾಕು ಅಂದ್ನಲ್ಲ!” ಎಂದು ಕಿರುಚಿದ. ಹುಟ್ಟಿದಾಗಿನಿಂದ ಅಪ್ಪ ನನ್ನ ಮೇಲೆ ದನಿ ಎತ್ತಿದವನಲ್ಲ.  ಅಪ್ಪನ ಬೆರಳು ಈಗ ಹಾಳೆಯ ಅಂಚಿಗೆ ಬಂದಿತ್ತು. “ಎಂಬತ್ತೇಳು. ಯಾರಿದು ಟೀಚರಮ್ಮ?”

ಹೇಳಿದೆ. ಶನಿವಾರ ಮತ್ತೆ ಆಫೀಸಿಗೆ ಬರುತ್ತಾರೆ ಎಂದೂ ಹೇಳಿದೆ. ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಬಿಲ್ಲೆ ಗುಮಾಸ್ತ ಆಗಿದ್ದೆ ನಾನು” ಎಂದು ಶುರುಮಾಡಿದ. “ಎರಡು ಗಂಟೆಗೆ ಬಸ್ಸು ಕಣೇ. ತಪ್ಪಿದ್ರೆ ಐದಕ್ಕೆ. ಮೊದಲ್ನೇ ಪಾಳಿಯ ಕೊನೇ ಸರದಿಯವ್ರು ಮೇಲೆ ಬಂದು, ಒಬ್ಬೊಬ್ರೂ ಬಿಲ್ಲೆ ಬದಲಾಯ್ಸಿ, ನಾನು ಲೆಕ್ಕ ಒಪ್ಪಿಸಿ ಓಡೋಷ್ಟರಲ್ಲಿ ಬಸ್ಸು ಹೋಗಿರ್ತಿತ್ತು. ಅದಕ್ಕೇ ಲಿಫ್ಟಿನ ಗಂಟೆ ಕೇಳ್ಸಿದ ಕೂಡ್ಲೇ ಅವ್ರೆಲ್ಲರ ಬಿಲ್ಲೇನೂ ನಾನೇ ‘ಹೊರಗೆ’ ಕಡೆಗೆ ಹಾಕಿಬಿಡ್ತಿದ್ದೆ. ಅವ್ರಿಗೂ ಅನುಕೂಲ, ನಂಗೂ ಅನುಕೂಲ. ಎರಡು ವರ್ಷ ಹಾಗೇ ನಡೀತು.”

“ಅವತ್ತು?”

“ಹನ್ನೊಂದು ಬಿಲ್ಲೆ ಹಾಕ್ದೆ. ಲಿಫ್ಟು ಎರಡು ಸಲ ಬಂತು, ಮೇಲೆ ಬಂದಿದ್ದು ಹತ್ತೇ ಜನ. ಎಂಬತ್ತೇಳು ಊಟದ ಡಬ್ಬಿ ಮರೆತು ಹಿಂದಕ್ಕೆ ಹೋಗಿದ್ನೋ ಏನೋ. ಮೊದಲು ಬಂದವ್ರು ಆಮೇಲೆ ಬರ್ತಾನೆ ಅಂದ್ಕೊಂಡ್ರು, ಆಮೇಲೆ ಬಂದವ್ರು ಮೊದಲೇ ಹೋದ ಅಂದ್ಕೊಂಡ್ರು. ಎಲ್ರೂ ಬಸ್ಸಿಗೆ ಓಡಿದ್ವಿ.”

“ನೀನು ಎಣಿಸ್ಲಿಲ್ವಾ?”

“ಎಣಿಸೋದೇ ನನ್ನ ಕೆಲ್ಸ. ಎಣಿಸ್ಲಿಲ್ಲ.”

ಎರಡೂವರೆಗೆ ಗಣಿ ಕುಸಿಯಿತು. ಆಗ ‘ಒಳಗೆ’ ಇದ್ದ ಬಿಲ್ಲೆಗಳು ಎರಡನೇ ಪಾಳಿಯವರ ಮೂವತ್ತೊಂದು. ಐದು ದಿನ ಹುಡುಕಿ ಮೂವತ್ತೊಂದು ಹೆಣ ತೆಗೆದರು. ಹಲಗೆಯ ಪ್ರಕಾರ ಇನ್ನು ಒಳಗೆ ಯಾರೂ ಇರಲಿಲ್ಲ. ಕೆಳಗಿನ ಸುರಂಗಕ್ಕೆ ಗೋಡೆ ಕಟ್ಟಿದರು.

“ಮೂರನೇ ದಿನ ಅವ್ನ ಹೆಂಡ್ತಿ ಕಿಟಕಿ ಹತ್ರ ಬಂದ್ಲು” ಎಂದ ಅಪ್ಪ. “ನಮ್ಮೋರು ಹೊರಗೆ ಬಂದಿದಾರಾ ನೋಡಿ ಸ್ವಾಮಿ ಅಂದ್ಲು. ನಂಗೆ ಆಗ ಗೊತ್ತಾಯ್ತು. ಆ ಕ್ಷಣಕ್ಕೇ ಗೊತ್ತಾಯ್ತು. ಹೊರಗೆ ಗುಂಪುಗುಂಪಾಗಿ ಜನ, ಯಾರ ಮೇಲಾದ್ರೂ ಬೀಳೋಕೆ ಕಾಯ್ತಿದ್ರು. ಮನೇಲಿ ನೀನು, ಹನ್ನೊಂದು ತಿಂಗಳ ಕೂಸು. ಹೆದರ್ಕೊಂಡೆ ಕಣೇ. ಬೋರ್ಡು ತೋರ್ಸಿ, ನೋಡಮ್ಮ, ಬಂದಿದಾರೆ ಅಂದೆ.”

“ಆವತ್ತೇ ಹೇಳಿದ್ರೆ ಬದುಕ್ತಿದ್ನಾ?”

“ಗೊತ್ತಿಲ್ಲ. ಹುಡುಕ್ತಿದ್ರು. ಅಷ್ಟು ಗೊತ್ತು.”

ಕನ್ನಡಕದ ಡಬ್ಬಿಯಿಂದ ಬಟ್ಟೆಯ ಚೂರನ್ನು ತೆಗೆದು ಬಿಚ್ಚಿದ. ಹಿತ್ತಾಳೆಯ ಬಿಲ್ಲೆ, ಉಜ್ಜಿ ಉಜ್ಜಿ ಅಂಚು ಸವೆದಿತ್ತು. ಎಂಬತ್ತೇಳು. “ಕೆಲ್ಸ ಬಿಟ್ಟ ದಿನ ಮೊಳೆಯಿಂದ ತೆಗೆದು ತಂದೆ” ಎಂದ. ಅಪ್ಪನ ಮೇಲೆ ಸಿಟ್ಟು ಬಂತು, ಅಯ್ಯೋ ಅನ್ನಿಸಿತು, ವಾಕರಿಕೆಯೂ ಬಂತು. ಐವತ್ತು ವರ್ಷ ನಾನು ತಿಂದ ಅನ್ನದ ಪಕ್ಕದಲ್ಲೇ ಆ ಡಬ್ಬಿ ಇತ್ತು.

“ಆ ಹೆಣ್ಣುಮಗಳಿಗೆ ಹೇಳ್ತೀನಿ” ಎಂದ. “ಶನಿವಾರ ನಿಮ್ಮ ಆಫೀಸಿಗೆ ಬರ್ತಾಳೆ ಅಂದ್ಯಲ್ಲ.”

“ಬೇಡಪ್ಪಾ. ಪೊಲೀಸು ಗಿಲೀಸು ಅಂತಾದ್ರೆ?”

“ಈ ವಯಸ್ಸಲ್ಲಿ ನನ್ನ ಹಿಡ್ಕೊಂಡೋಗಿ ಮಾತ್ರೆ ಕೊಡೋ ಕೆಲ್ಸ ಅವ್ರಿಗ್ಯಾಕೆ ಬೇಕು?” ಎಂದು ನಗಲು ನೋಡಿದ. ನಗು ಬರಲಿಲ್ಲ.

ಪೊಲೀಸರ ಮಾತು ನನ್ನ ನೆಪ. ಒಬ್ಬ ಹೆಂಗಸಿನ ಮುಂದೆ ಅಪ್ಪ ಕುಗ್ಗಿ ನಿಲ್ಲುವುದನ್ನು ನನ್ನ ಕಣ್ಣಿಂದ ನೋಡಬೇಕಲ್ಲ ಎಂಬುದೇ ನನ್ನ ನಿಜವಾದ ಭಯ.  ಶುಕ್ರವಾರ ಟೀಚರಮ್ಮನಿಗೆ ಫೋನು ಮಾಡಿ, ಗಣಿಯೊಳಗೆ ಉಸಿರು ಕಟ್ಟುತ್ತದೆ, ಜಾರಿಕೆಯಿದೆ, ವಯಸ್ಸಾದವರಿಗೆ ಜಲಪಾತವೇ ವಾಸಿ ಎಂದೆ. “ಗಣಿಯಲ್ಲಿ ಜಾರುತ್ತೆ ಅಂತ ಜಲಪಾತಕ್ಕೆ ಕಳಿಸ್ತಿದೀರಲ್ಲ, ಬುದ್ಧಿ ನೆಟ್ಟಗಿದೆ ತಾನೇ?” ಎಂದು ಅವರು ಫೋನಿಟ್ಟರು. ಶನಿವಾರ ಬೆಳಿಗ್ಗೆ ಅಪ್ಪನ ಚಪ್ಪಲಿಯನ್ನು ಮಂಚದ ಕೆಳಗೆ ಬಚ್ಚಿಟ್ಟು ಆಫೀಸಿಗೆ ಹೋದೆ. ಐವತ್ತೊಂದು ವರ್ಷದ ಹೆಂಗಸು ಮಾಡಿದ ಕೆಲಸ ಇದು.

ಹನ್ನೊಂದಕ್ಕೆ ಟೀಚರಮ್ಮ ಬಂದರು. ಯಜಮಾನರು ಬ್ಯಾಂಕಿಗೆ ಹೋಗಿದ್ದರು. ಹಾಳೆ ಹರಡಿಕೊಂಡು ಕೂತೆವು. ಸ್ಮಾರಕಕ್ಕೆ ನಲವತ್ತು ನಿಮಿಷ ಎಂದಿದ್ದ ಕಡೆ ಅವರ ಕೆಂಪು ಪೆನ್ನು ನಿಂತಿತು. “ಬೇರೆಯವ್ರಿಗೆ ಇರ್ಲಿ. ನಾನು ಬಸ್ಸಲ್ಲೇ ಕೂತಿರ್ತೀನಿ. ಆ ಕಲ್ಲಿನ ಮೇಲೆ ನಮ್ಮೋರ ಹೆಸ್ರಿಲ್ಲ” ಎಂದರು.  ಬೇಗ ಬೇಗ ಮುಂದಿನ ಸಾಲು ಓದಿದೆ. ಇನ್ನು ಹತ್ತು ನಿಮಿಷಕ್ಕೆ ಇವರು ಎದ್ದು ಹೋದರೆ ಸಾಕು ಎಂದು ಗಡಿಯಾರ ನೋಡುವಾಗ ಬಾಗಿಲು ತೆರೆಯಿತು.

ಅಪ್ಪ. ಇಸ್ತ್ರಿ ಮಾಡಿದ ಅಂಗಿ. ಬರಿಗಾಲು.

 ಓಡಿಹೋಗಿ ರಟ್ಟೆ ಹಿಡಿದೆ. “ಅಪ್ಪಾ, ಮನೆಗೆ ನಡಿ” ಎಂದು ಪಿಸುಗುಟ್ಟಿದೆ. ರಟ್ಟೆ ಗಡಗಡ ನಡುಗುತ್ತಿತ್ತು. ಆ ನಡುಕ ಎಷ್ಟಿತ್ತೆಂದರೆ, ಇಷ್ಟು ಹೆದರಿಕೆ ಹೊತ್ತುಕೊಂಡು ಎರಡು ಮೈಲಿ ಬರಿಗಾಲಲ್ಲಿ ನಡೆದು ಬಂದವನನ್ನು ತಡೆಯಲು ನಾನು ಯಾರು ಅನ್ನಿಸಿತು. ಕೈ ಬಿಟ್ಟೆ.

ಅಪ್ಪ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದ. ಬಸ್ಸು, ಹನ್ನೊಂದು ಬಿಲ್ಲೆ, ಹತ್ತು ಜನ, ಮೂರನೇ ದಿನದ ಕಿಟಕಿ. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ನೆಪ ಹೇಳಲಿಲ್ಲ. ಹನ್ನೊಂದು ತಿಂಗಳ ಕೂಸಿನ ಮಾತನ್ನೂ ಎತ್ತಲಿಲ್ಲ. ಕೊನೆಗೆ ಬಿಲ್ಲೆಯನ್ನು ಮೇಜಿನ ಮೇಲಿಟ್ಟ. “ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ ತಾಯಿ. ನಿಮ್ಮಪ್ಪ ಓಡಿಹೋಗ್ಲಿಲ್ಲ. ಅದನ್ನ ಹೇಳೋಕೆ ಬಂದೆ.”

ಟೀಚರಮ್ಮ ಅಲುಗಾಡಲಿಲ್ಲ. ಪೆನ್ನಿನ ತುದಿ ಹಾಳೆಯ ಮೇಲೆ ಊರಿಕೊಂಡೇ ಇತ್ತು, ಅದರ ಸುತ್ತ ಕೆಂಪು ಚುಕ್ಕೆ ದೊಡ್ಡದಾಗುತ್ತಿತ್ತು. ಅವರು ಕಿರುಚಲಿ, ಅಪ್ಪನ ಕೆನ್ನೆಗೆ ಬಾರಿಸಲಿ, ಏನಾದರೂ ಮಾಡಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ಆವತ್ತು ಅಮ್ಮನ ಸೆರಗು ಹಿಡ್ಕೊಂಡು ನಿಂತಿದ್ದೆ ನಾನು” ಎಂದರು ಕೊನೆಗೆ. “ಕಿಟಕಿ ಎತ್ತರದಲ್ಲಿತ್ತು, ಎಟುಕ್ತಿರ್ಲಿಲ್ಲ. ನಿಮ್ಮ ಮುಖ ಕಾಣ್ಲಿಲ್ಲ, ದನಿ ಮಾತ್ರ ಕೇಳ್ಸಿತ್ತು. ಒಳ್ಳೇ ದನಿ ಅಂದ್ಕೊಂಡಿದ್ದೆ.” ಬಿಲ್ಲೆ ಎತ್ತಿ ನಂಬರು ನೋಡಿದರು. “ನಮ್ಮಮ್ಮ ಇದಾಳೆ. ಎಂಬತ್ಮೂರು. ಕೂತ್ರೂ ನಿಂತ್ರೂ ಅವ್ರನ್ನ ಬೈತಾಳೆ. ಓಡಿಹೋದೋನು ಅಂತ ಅವ್ರ ಒಂದು ಫೋಟೋನೂ ಮನೇಲಿ ಉಳಿಸ್ಲಿಲ್ಲ. ನಾನೂ ಜೊತೆಗೆ ಸೇರ್ಕೊಂಡು ಬೈದಿದೀನಿ.” ಆ ಮಾತಿಗೆ ಅವರ ದನಿ ಒಡೆಯಿತು. ಒಮ್ಮೆ ಮಾತ್ರ.

ಆಮೇಲೆ ಬಿಲ್ಲೆಯನ್ನು ಅಪ್ಪನ ಕಡೆಗೇ ತಳ್ಳಿದರು.

“ಇದು ನಂಗೆ ಬೇಡ. ಅಮ್ಮನ ಕೈಗೆ ನೀವೇ ಕೊಡ್ಬೇಕು. ನಂಗೆ ಹೇಳಿದ್ದನ್ನೆಲ್ಲ ಅವ್ಳಿಗೆ ನೀವೇ ಹೇಳ್ಬೇಕು.” ನನ್ನ ಕಡೆ ತಿರುಗಿದರು. “ಅಮ್ಮಂಗೊಂದು ಸೀಟು ಹಾಕಿ. ಪಕ್ಕದ ಸೀಟು ಇವ್ರಿಗೆ.”

“ವಾಪಸು ಬರೋವಾಗ ಹೇಳಿದ್ರೆ ಆಗಲ್ವಾ?” ಎಂದು ಗೋಗರೆದೆ. “ಹೆಂಗೋ ದಿನ ಕಳೆದ ಮೇಲೆ...”

“ಹೋಗೋವಾಗ. ನಾಲ್ಕು ಗಂಟೆ ದಾರಿ ಇದೆ, ಸಾಕಾಗುತ್ತೆ. ಸ್ಮಾರಕಕ್ಕೆ ನಾನೂ ಇಳೀತೀನಿ, ಅಮ್ಮನೂ ಇಳೀತಾಳೆ. ಬಿಲ್ಲೇನ ಆ ಮೊಳೆಗೆ ಅಮ್ಮನೇ ಹಾಕ್ತಾಳೆ.”

“ಯಾವ ಕಡೆ ಮೊಳೆಗೆ?” ಎಂದು ಕೇಳಿದವನು ಅಪ್ಪ.

“‘ಒಳಗೆ’ ಕಡೆ” ಎಂದರು ಟೀಚರಮ್ಮ.

ಅವರ ಕೆಂಪು ಪೆನ್ನನ್ನೇ ಇಸಿದುಕೊಂಡು ನಾಲ್ಕು ಗಂಟೆಯ ಸಾಲನ್ನು ಹೊಡೆದುಹಾಕಿದೆ. ‘ಪ್ರತಿಯೊಬ್ಬರೂ ತಮ್ಮ ಬಿಲ್ಲೆಯನ್ನು ತಾವೇ ಹಾಕುವುದು, ಕಾಲು ಗಂಟೆ’ ಎಂದು ಬರೆದೆ. ಘಾಟಿಗೆ ಕತ್ತಲಾದರೆ ಆಗಲಿ. ಆ ಕತ್ತಲಿಗಿಂತ ಹೋಗುವಾಗಿನ ನಾಲ್ಕು ತಾಸಿನ ಹಗಲು ದಾರಿಯೇ ನನಗೆ ಹೆಚ್ಚು ಭಯ ಹುಟ್ಟಿಸಿತ್ತು.

ಸೀಟುಗಳ ಪಟ್ಟಿ ಎಳೆದುಕೊಂಡೆ. ಗಟ್ಟಿಯಾಗಿ ಹೇಳಿಕೊಂಡು ಬರೆದೆ. “ಮೂವತ್ತೊಂಬತ್ತು, ಟೀಚರಮ್ಮನ ತಾಯಿ. ನಲವತ್ತು...” ಎಂದು ತಲೆ ಎತ್ತಿದೆ.

ಅಪ್ಪ ಬಿಲ್ಲೆಯನ್ನು ಅಂಗೈಯಲ್ಲಿ ಬಿಗಿಹಿಡಿದು ನಿಂತಿದ್ದ. ತುಟಿ ಎರಡು ಸಲ ಅಲುಗಿದರೂ ದನಿ ಹೊರಡಲಿಲ್ಲ. ಮೂರನೇ ಸಲಕ್ಕೆ ಹೊರಟಿತು.

“ನಾನಿದ್ದೀನಿ” ಎಂದ.