ಕೆಂಪು ಪುಟ್ಟಿ, ಅಡ್ಡ ಗಳ

ಎಳ್ಳಮವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ ಬಂದ ಮರುವಾರವದು. ತೊಗರಿ ಇನ್ನೂ ನಿಂತೇ ಇತ್ತು. ಕಾಗಿಣಾ ಹೊಳೆಯ ಮೇಲಿಂದ ಬರುವ ಥಂಡಿಗೆ ಮಂದಿ ಕೌದಿ ಹೊದ್ದುಕೊಂಡೇ ಹೊರಗೆ ಬರುತ್ತಿದ್ದರು. ಬೆಳಗಿನ ಬಿಸಿಲು ಅಂಗಳದ ಪರಸಿಕಲ್ಲಿನ ಮೇಲೆ ಅಂಗೈಯಗಲ ಬಿದ್ದ ಹೊತ್ತಿಗೆ ಸುನಿತಾ ರಂಗೋಲಿ ಪುಡಿ, ಇಟ್ಟಂಗಿ ಪುಡಿ, ಅರಿವೆಗೆ ಹಾಕುವ ನೀಲಿ ಇಷ್ಟನ್ನೂ ಮುಂದಿಟ್ಟುಕೊಂಡು ಕುಂತಳು. ಎದುರಿಗೆ ಅವಳ ನೆಗೆಣ್ಣಿ ಭಾಗ್ಯಜ್ಯೋತಿ, ಮೈದುನ ಭೀಮುವಿನ ಹೆಂಡತಿ. ರಸ್ತೆ ಬೋರ್ಡುಗಳ ಪಾಠ ಶುರುವಾದದ್ದು ಹಾಗೆ.

ಪಂಚಾಯ್ತಿಗೆ ಕಸದ ಗಾಡಿ ಬಂದಿತ್ತು. ಅದನ್ನು ಹೆಣ್ಣುಮಗಳೇ ನಡೆಸಬೇಕು, ಅದೂ ಮಹಿಳಾ ಸಂಘದವಳೇ ಆಗಬೇಕು ಎಂದು ಮೇಲಿನಿಂದ ಹುಕುಂ. ಮೊದಲು ಕಲಬುರಗಿಗೆ ಹೋಗಿ ಕಂಪ್ಯೂಟರಿನ ಮುಂದೆ ಕುಂತು, ಅದು ತೋರಿಸುವ ರಸ್ತೆ ಬೋರ್ಡುಗಳ ಅರ್ಥ ಹೇಳಿ ಪಾಸಾಗಬೇಕು. ಆಮೇಲೆ ಸ್ಟೇರಿಂಗು, ಆಮೇಲೆ ಪಕ್ಕಾ ಲೈಸೆನ್ಸು. ಸಂಘದಲ್ಲಿ ಹೆಸರು ಕೊಟ್ಟವರು ಈ ಮನೆಯ ಸೊಸೆಯರಿಬ್ಬರೇ. ಸುನಿತಾ ಏಳನೆಯತ್ತೆ ಓದಿದವಳು. ಭಾಗ್ಯಜ್ಯೋತಿ ಐನಾಪುರದಲ್ಲಿ ಆಡು ಕಾಯ್ದು ಬೆಳೆದವಳು; ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಂಥವರಿಗೆ ಕಿವಿಗೆ ಯಂತ್ರ ಹಚ್ಚಿ ಉತ್ತರಗಳನ್ನು ಓದಿ ಹೇಳುತ್ತಾರೆ, ಸರಿ ಅನ್ನಿಸಿದ್ದಕ್ಕೆ ಬಟನ್ ಒತ್ತಿದರಾಯಿತು ಎಂದು ಪಿಡಿಒ ಸಾಹೇಬರು ಹೇಳಿದ್ದರು.

ಸುನಿತಾಳಿಗೆ ಈ ಗಾಡಿ ಒಂದು ಆಸೆ. ಭಾಗ್ಯಜ್ಯೋತಿಗೆ ಅದೇ ಗತಿ. ಭೀಮು ಭಂಕೂರದ ಕಡೆಯ ಗಣಿಯಲ್ಲಿ ಪರಸಿಕಲ್ಲು ಜಾರಿ ಮೈಮೇಲೆ ಬಿದ್ದು ಸತ್ತು ವರ್ಷವಾಗಿತ್ತು. ಯುಗಾದಿಯೊಳಗೆ ನಿನ್ನ ಕೂಳು ನೀನೇ ಗಳಿಸಿಕೊಳ್ಳುವ ದಾರಿ ತೋರಿಸು, ಇಲ್ಲದಿದ್ದರೆ ನಿಮ್ಮಣ್ಣನ ಮನೆಗೆ ನಡೆ ಎಂದು ಅತ್ತೆ ಚಂದಮ್ಮ ಬಾಯಿಬಿಟ್ಟೇ ಹೇಳಿದ್ದಳು. ಅಣ್ಣ ಸಂಗಣ್ಣ ಆಗಲೇ ಚಿಂಚೋಳಿ ಕಡೆಯ ಒಬ್ಬನನ್ನು ನೋಡಿಟ್ಟಿದ್ದ, ಉಡಿಕಿ ಮಾಡಿ, ಅಂದರೆ ಮರುಮದುವೆ ಮಾಡಿ, ಕೊಡಲಿಕ್ಕೆ. ಹೆಂಡತಿ ಸತ್ತವನು, ಬಾಯಲ್ಲಿ ಹಲ್ಲು ಕಡಿಮೆ, ಮನೆಯಲ್ಲಿ ಮಕ್ಕಳು ಹೆಚ್ಚು. ಒಮ್ಮೆ ಬಂದವನು ಎತ್ತು ಕೊಳ್ಳುವವರಂತೆ ಭಾಗ್ಯಜ್ಯೋತಿಯ ಅಂಗೈ ತಿರುವಿ ನೋಡಿ, ಕೆಲಸಕ್ಕ ಗಟ್ಟಿ ಇದ್ದಾಳ ಎಂದು ಚಹಾ ಕುಡಿದು ಹೋಗಿದ್ದ. ಅವತ್ತು ಅವಳು ಕೈಗೆ ಬೂದಿ ಹಚ್ಚಿ ಹಚ್ಚಿ ತೊಳೆದುಕೊಂಡದ್ದನ್ನು ಸುನಿತಾ ನೋಡಿದ್ದಳು.

ಮೊದಲ ದಿನಗಳಲ್ಲಿ ಸುನಿತಾ ಸರಿಯಾಗಿಯೇ ಕಲಿಸಿದಳು. ಅದನ್ನು ಅಲ್ಲಗಳೆಯುವಂತಿಲ್ಲ. ಮುಕ್ಕೋನಿ ಬೋರ್ಡು ಅಂದರೆ ಎಚ್ಚರಿಕೆ: ಮುಂದೆ ತಿರುವಿದೆ, ಸಾಲಿ ಇದೆ, ದನ ಅಡ್ಡ ಬರುತ್ತವೆ, ರೈಲಿನ ಗೇಟಿದೆ. ಇಟ್ಟಂಗಿ ಪುಡಿಯಲ್ಲಿ ಮುಕ್ಕೋನಿ ಬರೆದು ಒಳಗೆ ಚಿತ್ರ ಬಿಡಿಸುತ್ತಿದ್ದಳು. ಭಾಗ್ಯಜ್ಯೋತಿ ಒಂದು ಸಲ ನೋಡಿದರೆ ಮುಗಿಯಿತು. ಸಂಜೆಗೆ ಒಲೆಯ ಮುಂದೆ ಬೂದಿಯಲ್ಲಿ ಅವನ್ನೇ ಬರೆದು, ರೊಟ್ಟಿ ಬಡಿಯುತ್ತ ಒಪ್ಪಿಸುತ್ತಿದ್ದಳು. ಅಕ್ಷರವಿಲ್ಲದವರ ನೆನಪು ಅಂಥದ್ದು. ಬರೆದಿಡಲು ಬೇರೆ ಜಾಗವಿಲ್ಲ. ಸುನಿತಾಳೇ ಎರಡು ಬೋರ್ಡು ಮರೆತಾಗ ಅವಳು ನೆನಪು ಮಾಡಿಕೊಟ್ಟಳು. ಸುನಿತಾಳ ಗಂಡ ಅಂಬರೇಶ ಕಟ್ಟೆಯ ಮೇಲೆ ಹಲ್ಲುಜ್ಜುತ್ತ, ಮಾಸ್ತರಿಣಿ ಫೇಲಾಗಿ ಶಿಷ್ಯೆ ಪಾಸಾಗತಾಳ ನೋಡು ಎಂದು ನಕ್ಕ. ಸುನಿತಾಳೂ ನಕ್ಕಳು.

ಆ ವಾರವೇ ಸಂಘದ ಸಭೆಯಲ್ಲಿ ಪಿಡಿಒ ಸಾಹೇಬರು ಇನ್ನೊಂದು ಮಾತು ಹೇಳಿದರು. ಇಬ್ಬರೂ ಪಾಸಾದರೆ ಗಾಡಿ ಗಂಡನಿಲ್ಲದವಳಿಗೆ. ಅದು ಧರ್ಮ ಎಂದು ಎಲ್ಲರೂ ತಲೆಯಾಡಿಸಿದರು. ಸುನಿತಾಳ ತಲೆಯೂ ಆಡಿತು. ಮನೆಗೆ ಬರುವ ದಾರಿಯಲ್ಲಿ ಭಾಗ್ಯಜ್ಯೋತಿ ಅವಳ ಕೈ ಹಿಡಿದುಕೊಂಡು, ಗಾಡಿ ಸಿಕ್ಕರೆ ಮೊದಲ ದಿನ ನಿನ್ನನ್ನೇ ಪಕ್ಕದಲ್ಲಿ ಕುಂದರಿಸಿಕೊಂಡು ಹೋಗುತ್ತೇನೆ ಅಂದಳು. ಆ ಕೈ ಎಷ್ಟು ಬಿಸಿಯಾಗಿತ್ತು ಎಂಬುದು ಸುನಿತಾಳಿಗೆ ಆಮೇಲೂ ನೆನಪಿತ್ತು. ಬಿಡಿಸಿಕೊಳ್ಳಬೇಕು ಅನ್ನಿಸಿದ್ದೂ ನೆನಪಿತ್ತು.

ಮರುದಿನ ದುಂಡನೆಯ ಬೋರ್ಡುಗಳ ಪಾಠವಿತ್ತು.

ಕೆಂಪು ಬಳೆಯೊಳಗಿರುವುದನ್ನು ಮಾಡಬಾರದು. ಅಡ್ಡಗೆರೆ ಎಳೆದಿದ್ದರಂತೂ ಕಡ್ಡಾಯವಾಗಿ ಮಾಡಬಾರದು. ನೀಲಿ ದುಂಡಿನೊಳಗಿರುವುದನ್ನು ಮಾಡಲೇಬೇಕು. ಪುಸ್ತಕದಲ್ಲಿ ಇದ್ದದ್ದು ಇಷ್ಟು. ಸುನಿತಾ ಇಟ್ಟಂಗಿ ಪುಡಿಯಲ್ಲಿ ಬಳೆ ಬರೆದಳು, ಒಳಗೆ ಹಾರ್ನ್ ಬರೆದಳು, ಅದರ ಮೇಲೆ ಅಡ್ಡಗೆರೆ ಎಳೆದಳು. ಎಳೆದ ಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಂತಳು.

ಆ ಮನೆ ಅಂಬಿಗರ ಮನೆ. ಸೇತುವೆ ಆಗುವ ಮುಂಚೆ ಮಾವ ಸಾಯಬಣ್ಣ ಮಳೆಗಾಲದಲ್ಲಿ ಮಂದಿಯನ್ನು ಪುಟ್ಟಿಯಲ್ಲಿ ಹೊಳೆ ದಾಟಿಸುತ್ತಿದ್ದ. ಬಿದಿರಿನಿಂದ ಹೆಣೆದು ಚರ್ಮ ಬಿಗಿದ ದುಂಡನೆಯ ಪುಟ್ಟಿ, ಅದನ್ನು ನೂಕಲು ಉದ್ದನೆಯ ಗಳ. ನೀರಿನ ಸೆಳೆತ ಕಡಿಮೆಯಿದ್ದ ಕಡೆ ದಂಡೆಯ ಜಾಲಿಗಿಡಕ್ಕೆ ಕೆಂಪು ಅರಿವೆ ಕಟ್ಟುತ್ತಿದ್ದ. ಇಲ್ಲಿಂದ ದಾಟಿರಿ ಎಂದು ಅದರ ಅರ್ಥ. ಪುಟ್ಟಿಯ ಬಾಯಿಯ ಮೇಲೆ ಗಳ ಅಡ್ಡ ಮಲಗಿಸಿಟ್ಟರೆ, ಅಂಬಿಗ ತಯಾರಿದ್ದಾನೆ, ಹತ್ತಿರಿ ಎಂದು ಅರ್ಥ. ಮಾವ ಸತ್ತು, ಪುಟ್ಟಿ ಅಟ್ಟಕ್ಕೆ ಬಿದ್ದಿತ್ತು. ಆದರೆ ಮನೆಯ ಮಾತುಕತೆಯಲ್ಲಿ ಅವೆಲ್ಲ ಇನ್ನೂ ಜೀವಂತ ಇದ್ದವು.

"ಇದೇನು ಕಾಣಸ್ತದ ನಿನಗ?" ಎಂದು ಸುನಿತಾ ಕೇಳಿದಳು.

ಭಾಗ್ಯಜ್ಯೋತಿ ಬಗ್ಗಿ ನೋಡಿದಳು. "ಮ್ಯಾಲಿಂದ ನೋಡಿದರ ಪುಟ್ಟಿ ಇದ್ದಂಗ ಅದ ಅಕ್ಕ. ಮ್ಯಾಲ ಗಳ ಇಟ್ಟಾರ."

"ಹೌದಲ್ಲ. ಕೆಂಪು ಅಂದರ ದಾಟು, ಗಳ ಅಂದರ ತಯಾರ್. ಒಳಗ ಏನು ಬರದಿರತದ, ಅದನ್ನ ಮಾಡು ಅಂತ. ಹಾರ್ನ್ ಇದ್ದರ ಹಾರ್ನ್ ಹೊಡಿ. ನೀಲಿ ಅಂದರ ಆಳ ನೀರು. ನೀಲಿ ಒಳಗಿದ್ದದ್ದು ಮಾಡಬಾರದು."

ಸುಳ್ಳು ಅಷ್ಟೇ. ಒಂದೇ ಒಂದು. ಅದನ್ನು ಅವಳು ಹುಡುಕಲಿಲ್ಲ. ಮನೆಯ ಅಟ್ಟದಿಂದ ಇಳಿಸಿಕೊಂಡಂತೆ ಅದು ತಾನಾಗಿ ಕೈಗೆ ಬಂತು.

ಭಾಗ್ಯಜ್ಯೋತಿ ಕೂಡಲೇ ಒಪ್ಪಲಿಲ್ಲ. ಬಸ್ಸಿನಲ್ಲಿ ಬೀಡಿಯ ಚಿತ್ರದ ಮೇಲೂ ಇಂಥದೇ ಗೆರೆ ಇರುತ್ತದಲ್ಲ, ಅಲ್ಲಿ ಸೇದಬೇಡ ಅನ್ನುತ್ತಾರಲ್ಲ ಎಂದು ಕೇಳಿದಳು. ಸುನಿತಾ ಬಳೆಯ ಅಂಚಿಗೆ ಇನ್ನಷ್ಟು ಇಟ್ಟಂಗಿ ಪುಡಿ ಉದುರಿಸಿದಳು. ಅದು ಬಸ್ಸಿನ ಒಳಗಿನ ಕಾನೂನು, ಇದು ಹೊರಗಿನದು ಅಂದಳು. ಆ ಉತ್ತರ ಅವಳಿಗೇ ಹಗುರ ಅನ್ನಿಸಿತು. ಆಗ ಹಸನು ಮಾಡಲು ಜೋಳದ ಮೊರ ಹಿಡಿದು ಕುಂತಿದ್ದ ಚಂದಮ್ಮ ತಲೆ ಎತ್ತಿದಳು.

"ಪುಟ್ಟಿಯಾಗ ಕುಂತಾಕಿ ಗಳ ಹಿಡದಾಕಿಗಿ ಎದುರು ಮಾತಾಡಬಾರದು," ಅಂದಳು. "ದಂಡಿ ಮುಟ್ಟೋತನಾ ಏನೂ ಕೇಳಬಾರದು. ನಿಮ್ಮ ಮಾವ ಇದ್ದರ ನೀರಿಗಿ ದಬ್ಬತಿದ್ದ."

ಅದು ಆ ಮನೆಯ ಹಳೆಯ ಕಟ್ಟಳೆ. ನಡುಹೊಳೆಯಲ್ಲಿ ಮಂದಿ ಗಾಬರಿಬಿದ್ದು ಕೇಳಲು ಶುರುಮಾಡಿದರೆ ಪುಟ್ಟಿ ಮಗುಚುತ್ತದೆ. ಭಾಗ್ಯಜ್ಯೋತಿ ಸೆರಗು ಸರಿಮಾಡಿಕೊಂಡು, ತಪ್ಪಾಯಿತು ಎಂದು ಕೆಂಪು ಬಳೆಯ ಪಾಠ ಒಪ್ಪಿಸಲು ಹತ್ತಿದಳು. ಚಂದಮ್ಮ ಮಾತ್ರ ಸುನಿತಾಳ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿ, ಮತ್ತೆ ಜೋಳ ಕೇರಿದಳು. ಬಸ್ಸಿನಲ್ಲಿ ಬೀಡಿಯ ಚಿತ್ರವನ್ನು ಅವಳೂ ನೋಡಿದವಳೇ. ಸುನಿತಾಳಿಗೆ ಗಂಡುಮಕ್ಕಳಿದ್ದರು. ಗಾಡಿಯ ಪಗಾರ ಯಾರ ಕೈಗೆ ಬಂದರೂ ಒಲೆ ಒಂದೇ; ಸುನಿತಾಳ ಕೈಗೆ ಬಂದರೆ ತಿನ್ನುವ ಬಾಯಿ ಮಾತ್ರ ಒಂದು ಕಡಿಮೆಯಾದೀತು.

ಕಲಬುರಗಿಯಲ್ಲಿ ಸುನಿತಾ ಪಾಸಾದಳು. ಭಾಗ್ಯಜ್ಯೋತಿ ಮುಕ್ಕೋನಿಗಳನ್ನೆಲ್ಲ ಸರಿ ಹೇಳಿ, ದುಂಡನೆಯವನ್ನೆಲ್ಲ ತಪ್ಪು ಹೇಳಿ, ಕೂದಲೆಳೆಯಲ್ಲಿ ಫೇಲಾದಳು. ಯಾವುದು ತಪ್ಪಾಯಿತೆಂದು ಆ ಯಂತ್ರ ಹೇಳಲಿಲ್ಲ; ಕೊನೆಗೆ ಫೇಲು ಎಂದಷ್ಟೇ ಅಂದಿತು. ಊರಿಗೆ ಬರುವ ಬಸ್ಸಿನಲ್ಲಿ ಅವಳು ಎಲ್ಲ ಬೋರ್ಡುಗಳನ್ನೂ ಮೊದಲಿಂದ ಒಪ್ಪಿಸಿ, ಎಲ್ಲಿ ತಪ್ಪಿದೆ ಹೇಳಕ್ಕ ಎಂದು ಕೇಳಿದಳು. ಎಲ್ಲಾ ಬರೋಬ್ಬರಿ ಅದ, ಹೆದರಿ ಬಟನ್ ತಪ್ಪು ಒತ್ತಿರಬೇಕು ಎಂದು ಸುನಿತಾ ಹೇಳಿದಳು. ಮನೆಗೆ ಬಂದು ಇವೇ ಬಟನ್ ಎಂದು ಮೂರು ಜೋಳದ ಕಾಳು ಸಾಲಾಗಿ ಇಟ್ಟು, ಬೆರಳು ನಡುಗದಂತೆ ಒತ್ತುವುದನ್ನೂ ಕಲಿಸಿದಳು. ಭಾಗ್ಯಜ್ಯೋತಿ ನೀರು ತರುವಾಗ, ಮುಸುರೆ ತಿಕ್ಕುವಾಗ ಬೆರಳು ಒತ್ತುತ್ತಲೇ ಇದ್ದಳು. ಅವಳ ಬಾಯಲ್ಲಿ ಪುಟ್ಟಿ, ಗಳ ಎಂಬುದನ್ನೇ ಕೇಳಿ ಓಣಿಯ ಹೆಂಗಸರು ಅವಳಿಗೆ ಪುಟ್ಟಿ ಡ್ರೈವರ್ ಎಂದು ಹೆಸರಿಟ್ಟರು. ಅಂಬರೇಶನಂತೂ ಊಟದ ಹೊತ್ತಿಗೆಲ್ಲ, ತಂಗಿ, ಬ್ಯಾಳಿ ನೀಡು, ಬಟನ್ ಮಾತ್ರ ಸರಿ ಒತ್ತು ಅನ್ನುತ್ತಿದ್ದ. ಅವಳು ನಗುತ್ತಿದ್ದಳು. ಆ ಮನೆಯಲ್ಲಿ ಉಳಿಯಬೇಕಾದವಳು ಅವಳಲ್ಲವೇ.

ಎರಡನೆಯ ಸಲ ಅವಳ ಬೆರಳು ನಡುಗಲಿಲ್ಲ. ಧೈರ್ಯವಾಗಿ ಒತ್ತಿದಳು. ಈ ಸಲ ದುಂಡನೆಯ ಬೋರ್ಡುಗಳೇ ಹೆಚ್ಚು ಬಂದವು. ಕೂದಲೆಳೆಯಲ್ಲಲ್ಲ, ಪೂರಾ ಮುಳುಗಿದಳು.

ಅಷ್ಟರಲ್ಲಿ ಸುನಿತಾ ಸೇಡಂನ ಕಲೀಮ್ ಮಾಸ್ತರನ ಹತ್ತಿರ ಸ್ಟೇರಿಂಗು ಕಲಿತು, ಪಕ್ಕಾ ಲೈಸೆನ್ಸೂ ತೆಗೆದುಕೊಂಡಳು. ಪಂಚಾಯ್ತಿಯವರು ಗಾಡಿಗೆ ಕಾಯಿ ಒಡೆದು ಕೀಲಿ ಅವಳ ಕೈಗೆ ಕೊಟ್ಟರು. ಆರತಿ ತಟ್ಟೆ ಹಿಡಿದು ನಿಂತವಳು ಭಾಗ್ಯಜ್ಯೋತಿಯೇ. ಬೆಳಗಲು ಮಾತ್ರ ಬೇರೆಯವರಿಗೆ ಕೊಡಿಸಿದರು, ವಿಧವೆ ಎಂದು.

ಯುಗಾದಿ ಹತ್ತಿರ ಬಂತು. ಸಂಗಣ್ಣ ಫೋನು ಮಾಡಿ, ನನಗೆ ಬರಲಾಗುವುದಿಲ್ಲ, ಸೇಡಂನಲ್ಲಿ ಚಿಂಚೋಳಿ ಬಸ್ಸಿಗೆ ಹತ್ತಿಸಿರಿ, ಅವನೇ ಬಂದು ಇಳಿಸಿಕೊಳ್ಳುತ್ತಾನೆ ಅಂದ. ಅವನು ಅಂದರೆ ಅಂಗೈ ತಿರುವಿ ನೋಡಿದವನು. ಮನೆಯಲ್ಲೇ ಗಾಡಿ ಇರುವಾಗ ಆಟೋ ಯಾಕೆ ಎಂದಳು ಚಂದಮ್ಮ. ಕಸದ ಗಾಡಿ ಆವತ್ತು ಹೇಗೂ ರಿಪೇರಿಗೆಂದು ಸೇಡಂಗೆ ಹೋಗುವುದಿತ್ತು.

ಟ್ರಂಕು ಹಿಂದೆ ಕಸದ ಡಬ್ಬಿಯಲ್ಲಿ ಹೋಯಿತು. ಭಾಗ್ಯಜ್ಯೋತಿ ಮುಂದೆ ಸುನಿತಾಳ ಪಕ್ಕ ಕುಂತಳು. ಗಾಡಿ ಚಾಲೂ ಮಾಡಿದೊಡನೆ ಕಸ ಕೇಳುವ ಮೈಕಿನ ಭೋಂಗಾ ತಾನಾಗಿ ಹಾಡಲು ಹತ್ತಿತು. ಅದನ್ನು ಕೇಳಿ ಓಣಿಯ ಹೆಂಗಸರು ಬುಟ್ಟಿ ಹಿಡಿದು ಹೊರಬಂದರು. ಒಬ್ಬಳು ಏನೂ ನೋಡದೆ ಉಳ್ಳಾಗಡ್ಡಿ ಸಿಪ್ಪೆ, ಒಲೆಯ ಬೂದಿ ಟ್ರಂಕಿನ ಮೇಲೆಯೇ ಸುರಿದಳು. ಇನ್ನೊಬ್ಬಳು ನೋಡಿಯೇ ಸುರಿದಳು. ಸುನಿತಾ ಗಾಡಿ ನಿಲ್ಲಿಸಲಿಲ್ಲ, ಬೇಡವೆನ್ನಲೂ ಇಲ್ಲ.

ದೊಡ್ಡ ರಸ್ತೆಗೆ ಬಂದಾಗ ಭಾಗ್ಯಜ್ಯೋತಿ ಬೋರ್ಡುಗಳನ್ನು ಓದತೊಡಗಿದಳು. ಮೊದಲು ಮುಕ್ಕೋನಿಗಳು ಬಂದವು. ಮುಂದ ಸಾಲಿ ಅದ, ಅಂದಳು, ಸಾಲಿ ಬಂತು. ಮುಂದ ತಿರುವು ಅದ, ಅಂದಳು, ತಿರುವು ಬಂತು. ತಾನು ಕಲಿತದ್ದು ಸರಿಯಾಗಿಯೇ ಇದೆ ಎಂದು ಅವಳ ಮುಖ ಅರಳುವುದನ್ನು ಸುನಿತಾ ಕಡೆಗಣ್ಣಲ್ಲಿ ನೋಡಿದಳು. ಸೇಡಂ ಎಲ್ಲಿಂದ ಶುರುವಾಗುತ್ತದೆ, ಅಲ್ಲಿ ಯಾವ ಯಾವ ಬೋರ್ಡುಗಳಿವೆ ಎಂಬುದು ಅವಳಿಗೆ ಗೊತ್ತಿತ್ತು. ಈ ದಾರಿಯಲ್ಲಿ ತಾನು ಇವಳನ್ನು ಕರೆತರಬೇಕಾದೀತೆಂದು ಮಾತ್ರ ಹೊಳೆದಿರಲಿಲ್ಲ.

ಸೇಡಂ ಹೊರಗಿನ ಕುರುಡು ತಿರುವಿನಲ್ಲಿ ನೀಲಿ ದುಂಡು, ಒಳಗೆ ಹಾರ್ನ್.

"ಆಳ ನೀರು. ಇಲ್ಲಿ ಹಾರ್ನ್ ಹೊಡಿಬಾರದು," ಅಂದಳು ಭಾಗ್ಯಜ್ಯೋತಿ.

ಎದುರಿನಿಂದ ಸಿಮೆಂಟಿನ ಲಾರಿಗಳು ಬರುವ ತಿರುವದು. ಸುನಿತಾ ಹಾರ್ನ್ ಒತ್ತಿಯೇ ಒತ್ತಿದಳು.

ಭಾಗ್ಯಜ್ಯೋತಿ ತಿರುಗಿ ಬೋರ್ಡನ್ನು ನೋಡಿದಳು, ಆಮೇಲೆ ಸುನಿತಾಳ ಕೈಯನ್ನು.

ದವಾಖಾನೆಯ ಮುಂದೆ ಕೆಂಪು ಬಳೆ, ಒಳಗೆ ಹಾರ್ನ್, ಮೇಲೆ ಅಡ್ಡಗೆರೆ. ಒಂದು ಎಮ್ಮೆ ರಸ್ತೆಯ ನಡುವೆ ನಿಂತಿತ್ತು, ಹಿಂದೆ ಗಾಡಿಗಳು ಸಾಲುಗಟ್ಟಿದ್ದವು. ಅಲ್ಲೇ ಪೊಲೀಸನೂ ನಿಂತಿದ್ದ. ಯಾರೂ ಹಾರ್ನ್ ಹೊಡೆಯಲಿಲ್ಲ. ಸುನಿತಾಳೂ ಕೈ ಮಡಿಲಲ್ಲಿಟ್ಟುಕೊಂಡು, ಎಮ್ಮೆ ತಾನಾಗಿ ಸರಿಯುವವರೆಗೂ ಕುಂತಳು.

"ಪುಟ್ಟಿ ಮ್ಯಾಲ ಗಳ ಅದ," ಅಂದಳು ಭಾಗ್ಯಜ್ಯೋತಿ, ಮೆಲ್ಲಗೆ. "ಅಂದರ ಹಾರ್ನ್ ಹೊಡಿ ಅಂತ."

ಆಮೇಲೆಯೂ ಅವಳು ಓದುವುದನ್ನು ಬಿಡಲಿಲ್ಲ. ಬೋರ್ಡು ಬಂದಂತೆಲ್ಲ, ಅಂಗಳದಲ್ಲಿ ಕಲಿತ ಹಾಗೆಯೇ, ಒಂದೂ ಬಿಡದೆ ಒಪ್ಪಿಸುತ್ತ ಬಂದಳು; ಸುನಿತಾ ಪ್ರತಿ ಬೋರ್ಡಿಗೂ ಅದಕ್ಕೆ ತಿರುವುಮುರುವಾಗಿ ಗಾಡಿ ನಡೆಸುತ್ತ ಬಂದಳು. ಎಡಕ್ಕೆ ಹೊರಳು ಅಂದ ಕಡೆ ಹೊರಳಲಿಲ್ಲ. ಹೊರಳಬೇಡ ಅಂದ ಕಡೆ ಹೊರಳಿದಳು. ಬಸ್‌ಸ್ಟ್ಯಾಂಡು ಬಂತು.

ಚಿಂಚೋಳಿ ಬಸ್ಸು ನಿಂತಿತ್ತು. ಭಾಗ್ಯಜ್ಯೋತಿ ಟ್ರಂಕು ಇಳಿಸಿಕೊಂಡು, ಅದರ ಮೇಲಿನ ಬೂದಿಯನ್ನು ಸೆರಗಿನಿಂದ ಒರೆಸಿದಳು. ಬಸ್ಸಿನ ಮೆಟ್ಟಿಲ ಹತ್ತಿರ ಹೋಗಿ ತಿರುಗಿ ನಿಂತಳು.

"ದಂಡಿ ಮುಟ್ಟೋತನಾ ಕೇಳಬಾರದು ಅಂತ ಅತ್ತಿ ಹೇಳಿದ್ದಳು," ಅಂದಳು. "ಈಗ ಮುಟ್ಟೇದ, ಅದಕ್ಕ ಕೇಳಲಾಕತ್ತೀನಿ. ಕಲಸೋವಾಗ ನಿನಗ ಗೊತ್ತಿತ್ತೇನು ಅಕ್ಕ?"

ಸುನಿತಾಳಿಗೆ ಒಂದು ಸುಳ್ಳು ಹೇಳಬಹುದಿತ್ತು. ಪುಸ್ತಕವೇ ತಪ್ಪಿತ್ತು ಅಂದರೆ ಇವಳು ನಂಬಿಯೂ ನಂಬುತ್ತಿದ್ದಳು. ಆದರೆ ಇನ್ನು ಸುಳ್ಳು ಬೇಕಾಗಿರಲಿಲ್ಲ. ಕೀಲಿ ಅವಳ ಸೊಂಟದಲ್ಲಿತ್ತು.

"ಗೊತ್ತಿತ್ತು."

"ಮತ್ತ ಯಾಕ?"

"ಗಾಡಿ ಒಂದೇ ಇತ್ತಲ್ಲ ಭಾಗ್ಯಾ."

ಭಾಗ್ಯಜ್ಯೋತಿ ತಲೆಯಾಡಿಸಿದಳು, ಪಾಠ ತಿಳಿಯಿತು ಅನ್ನುವವಳಂತೆ. ಕಂಡಕ್ಟರು ಟ್ರಂಕು ಒಳಗೆ ನೂಕಿ ಸೀಟಿ ಊದಿದ. ಅವಳು ಕಿಟಕಿಯ ಪಕ್ಕ ಕುಂತು ಸುನಿತಾಳನ್ನು ನೋಡಲಿಲ್ಲ. ಎದುರಿನ ಕಂಬದ ಮೇಲಿನ ಕೆಂಪು ಬಳೆಯನ್ನು ನೋಡುತ್ತಿದ್ದಳು, ತುಟಿ ಅಲುಗುತ್ತಿತ್ತು. ಈಗ ಸರಿಯಾದ ಅರ್ಥ ಹೇಳಿಕೊಳ್ಳುತ್ತಿದ್ದಳೋ ಏನೋ.

ಮನೆಗೆ ಬಂದಾಗ ಚಂದಮ್ಮ, ಹತ್ತಿಸಿ ಬಂದ್ಯೇನು ಎಂದು ಕೇಳಿದಳು. ಹೂಂ ಅಂದಳು ಸುನಿತಾ. ಅತ್ತೆ ಮೊರದಲ್ಲಿದ್ದ ಜೋಳದಿಂದ ಒಂದು ಮುಷ್ಟಿ ತೆಗೆದು ಮತ್ತೆ ಚೀಲಕ್ಕೆ ಹಾಕಿದಳು. ಇನ್ನು ರೊಟ್ಟಿಗೆ ಅಷ್ಟು ಬೇಕಿರಲಿಲ್ಲ.

ಮಂಗಳವಾರ, ಶುಕ್ರವಾರ ಮನೆಯ ಹೆಣ್ಣನ್ನು ಹೊರಗೆ ಕಳಿಸುವ ಪದ್ಧತಿ ಆ ಕಡೆ ಇಲ್ಲ. ಕಳಿಸಿದರೆ ಅವಳೊಂದಿಗೆ ಲಕ್ಷ್ಮಿಯೂ ಹೋಗುತ್ತಾಳೆ ಅನ್ನುತ್ತಾರೆ. ಭಾಗ್ಯಜ್ಯೋತಿ ಹೋದದ್ದು ಯುಗಾದಿಗಿಂತ ಮುಂಚಿನ ಶುಕ್ರವಾರ.