ಕೆಂಪು ದಾರದ ತನಕ

“ಒತ್ತೇ ಹೆಬ್ಬೆಟ್ಟು, ಮುದಿ ಗೂಬೆ! ನಮ್ಮಮ್ಮನ್ನ ಕೊಂದ್ಯಲ್ಲೇ!”

ಯಜಮಾನರ ಅರಚಾಟಕ್ಕೆ ಗೋಡೆಯ ಸುಣ್ಣವೆಲ್ಲ ಉದುರಿ ನನ್ನ ತಲೆ ಇನ್ನಷ್ಟು ಬೆಳ್ಳಗಾಯಿತೋ ಏನೋ. ಮುಂದೆ ಒಂದು ಕಾಗದ, ಶಾಯಿಯ ಡಬ್ಬಿ. ಅವರ ತಾಯಿಯನ್ನು ನಿನ್ನೆ ತಾನೇ ಮಣ್ಣು ಮಾಡಿ ಬಂದಿದ್ದರು.

ಆ ಅಮ್ಮನ ಮೂಳೆಗೆಲ್ಲ ಕ್ಯಾನ್ಸರ್ ಹರಡಿತ್ತು. ಎರಡು ವರ್ಷ ಅವರ ಹೇಲು ಉಚ್ಚೆ ಬಳಿದವಳು ನಾನು. ಮಗ ಬಾಗಿಲಲ್ಲೇ ನಿಂತು, ಮೂಗು ಮುಚ್ಚಿಕೊಂಡು ವಾಪಸ್ಸಾಗುತ್ತಿದ್ದರು. ಅರಮನೆಯಂಥ ಆ ಮನೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದದ್ದು ಅದೊಂದೇ ಜೀವ.

“ಬಂದ್ಯಾ ಬಾಯಿಬಡ್ಕಿ? ನಿನ್ ಮುಖ ನೋಡಿದ್ರೆ ನೋವೂ ಹೆದ್ರಿ ಓಡುತ್ತೆ ಕಣೇ.”

“ಓಡ್ಲಿ ಬಿಡಿ. ನನ್ ಗಂಡನೂ ಹಂಗೇ ಓಡಿದ್ದು, ಮೇಲಕ್ಕೆ.”

ನಗುವಾಗಲೂ ಅಮ್ಮನಿಗೆ ನೋಯುತ್ತಿತ್ತು. ಆದರೂ ನಗುತ್ತಿದ್ದರು.

ನೋವಿಗೆ ಮಾರ್ಫಿನ್ ಸಿರಪ್. ನನಗೆ ಅಂಕಿ ಬಾರದು. ಮನೆಗೆ ಬರುವ ನರ್ಸಮ್ಮ ಸೂಜಿಯಿಲ್ಲದ ಸಿರಿಂಜಿಗೆ ಕೆಂಪು ದಾರ ಸುತ್ತಿ, “ಅಜ್ಜಿ, ಇಲ್ಲೀತನಕ ಅಷ್ಟೇ. ಒಂದ್ ಹನಿ ಹೆಚ್ಚೂ ಬೇಡ, ಕಮ್ಮೀನೂ ಬೇಡ” ಎಂದಿದ್ದಳು. ದೇವರೇ ಬಂದು ಹೇಳಿದರೂ ನಾನು ಆ ದಾರ ದಾಟಿದವಳಲ್ಲ.

ಮೊನ್ನೆ ಮಗ ಹೊಸ ಬಾಟಲಿ ತಂದು ಕಪಾಟಿನಲ್ಲಿಟ್ಟು, ಮಾತಿಲ್ಲದೆ ಹೋದರು. ಅದೇ ಆಕಾರ, ಅದೇ ಮುಚ್ಚಳ. ಎಂದಿನಂತೆ ನಾಲ್ಕು ಗಂಟೆಗೆ ದಾರದ ತನಕ ಎಳೆದು ಕುಡಿಸಿದೆ. ಅಮ್ಮ ನಿದ್ದೆ ಹೋದರು. ಉಸಿರು ದೂರ ದೂರವಾಯಿತು. ಕೂಗಿದೆ, ಬೈದೆ, ಕೆನ್ನೆ ತಟ್ಟಿದೆ. ನರ್ಸಮ್ಮ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳು ಬಾಟಲಿ ತಿರುಗಿಸಿ ನೋಡಿ ಬಿಳಿಚಿಕೊಂಡಳು. “ಸಾರ್, ಇದು ಐದ್ ಪಟ್ಟು ಸ್ಟ್ರಾಂಗು! ಅಂಗಡೀಲಿ ಹೇಳ್ಲಿಲ್ವಾ?”

“ಹೇಳಿದ್ರು. ಈ ಮುಂಡೇಗೆ ಹೇಳಿದ್ರೆ ಅರ್ಥ ಆಗುತ್ತಾ?”

ಈಗ ಈ ಕಾಗದ.

“ಏನ್ ಬರ್ದಿದೀರಾ, ಓದಿ ಸ್ವಾಮಿ.”

“ಅಳತೆ ತಪ್ಪಿ ನಾನೇ ಕೊಟ್ಟೆ ಅಂತ. ಒತ್ತು, ಇಲ್ದಿದ್ರೆ ಪೊಲೀಸ್ನೋರನ್ನ ಕರೀತೀನಿ.”

ಹೆಬ್ಬೆಟ್ಟನ್ನು ಶಾಯಿಗೆ ಅದ್ದಿದೆ. ಅವರ ಮುಖ ಸಡಿಲಾಯಿತು. ಎದ್ದು ನಿಂತು, ಅವರ ಬಿಳಿ ಅಂಗಿಯ ಎದೆಗೆ ಬಲವಾಗಿ ಒತ್ತಿದೆ.

“ಅಳತೆ ತಪ್ಪಿಲ್ಲ ನಾನು. ಅಂಗಡಿಯೋರು ಯಾರಿಗೆ ಹೇಳಿದ್ರೋ ಅವ್ರ ಮೇಲೆ ಒತ್ತಿದೀನಿ. ಈಗ ಕರೀರಿ.”

ಅವರು ಫೋನಿಗೆ ಕೈ ಹಾಕಿದರು. ನಾನು ಸಿರಿಂಜನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಅಮ್ಮನ ಬರೀ ಮಂಚದ ಪಕ್ಕ ಹೋಗಿ ಕೂತೆ. ಗಡಿಯಾರ ನಾಲ್ಕು ಹೊಡೆಯಿತು.

“ಬಂದೆ ಕಣಮ್ಮಾ, ನಿಮ್ ಬಾಯಿಬಡ್ಕಿ,” ಎಂದೆ.

ಯಾರೂ ನಗಲಿಲ್ಲ.